ಟಾರು ರಸ್ತೆಯ ಅಡಿಯಲ್ಲಿ

“ಇಷ್ಟೇನಾ?” ಎಂದು ಮೇಡಂ ಹಾಳೆಯನ್ನು ತಿರುಗಿಸಿ ನೋಡಿದರು.

ಹಿಂಬದಿಯಲ್ಲಿ ಏನೂ ಇರಲಿಲ್ಲ. ಮುಂದಿನ ಬದಿಯಲ್ಲಿ ಇದ್ದದ್ದೂ ಎರಡೇ ಸಾಲು. ‘ನಮ್ಮ ಊರಿನ ಜನಸಂಖ್ಯೆ ನಾಲ್ಕು ಸಾವಿರ. ನಮ್ಮ ಊರಿಗೆ ಇತಿಹಾಸ ಇಲ್ಲ.’

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಗುಬ್ಬಿಯ ಕಿವಿ ಕೆಂಪಗಾಯಿತು. ಪುಟ್ಟ ಹುಡುಗಿ, ಒಂದೆಡೆ ಕೂರುವವಳಲ್ಲ ಎಂದು ಮನೆಯವರು ಇಟ್ಟ ಆ ಹೆಸರೇ ಶಾಲೆಯಲ್ಲೂ ಅಂಟಿಕೊಂಡಿತ್ತು.

“ಇತಿಹಾಸ ಇಲ್ಲದ ಊರು ಎಲ್ಲಾದ್ರೂ ಇರುತ್ತೇನೇ? ನಾಳೆ ಸರಿಯಾಗಿ ಬರ್ಕೊಂಡು ಬಾ,” ಎಂದರು ಮೇಡಂ.

ಸಂಜೆ ಗುಬ್ಬಿ ಅಜ್ಜಿಯ ಬೆನ್ನು ಬಿದ್ದಳು. “ಅಜ್ಜೀ, ನಮ್ಮೂರಿಗೆ ಯಾವನಾದ್ರೂ ರಾಜ ಬಂದಿದ್ನಾ? ಯುದ್ಧ ಗಿದ್ಧ ಆಗಿತ್ತಾ?”

“ಈ ಊರಿಗೆ ಬಸ್ಸೇ ನೆಟ್ಟಗೆ ಬರಲ್ಲ, ಇನ್ನು ರಾಜ ಬರ್ತಾನಾ!” ಎಂದು ಅಜ್ಜಿ ನಕ್ಕುಬಿಟ್ಟಳು.

ಗುಬ್ಬಿ ಮುಖ ಊದಿಸಿಕೊಂಡು ಹೊರಗೆ ಬಂದಳು. ಹೊಸ ನೀರಿನ ಪೈಪು ಹಾಕಲು ಬೀದಿಯುದ್ದಕ್ಕೂ ಅಗೆಯುತ್ತಿದ್ದರು. ಅವಳು ಗುಂಡಿಯೊಳಗೆ ಇಣುಕಿದಳು. ಯಾರೋ ಬೀದಿಯನ್ನೇ ಕೇಕಿನಂತೆ ಕೊಯ್ದಿದ್ದರು! ಮೇಲೆ ಕಪ್ಪು ಟಾರು. ಅದರಡಿ ಜಲ್ಲಿ. ಅದರಡಿ ಗಾಡಿಯ ಚಕ್ರ ಉಜ್ಜಿ ಉಜ್ಜಿ ನುಣುಪಾದ ಚಪ್ಪಡಿ ಕಲ್ಲು. ಇನ್ನೂ ಕೆಳಗೆ ಬೂದಿಯ ತೆಳುವಾದ ಪಟ್ಟಿ.

ಗುದ್ದಲಿ ಖಣ್ಣೆಂದಿತು. ಕೆಳಗಿದ್ದ ಮೇಸ್ತ್ರಿ ಬಗ್ಗಿ ಕೈಯಿಂದ ಮಣ್ಣು ಸರಿಸಿದ. ಸಾಲಾಗಿ ಜೋಡಿಸಿದ ಇಟ್ಟಿಗೆಗಳು.

“ಯಾರದೋ ಮನೆ ನೆಲ,” ಎಂದು ಅವನು ಮತ್ತೆ ಗುದ್ದಲಿ ಎತ್ತಿದ.

“ತಡೀರಿ ಮಾಮಾ! ಅಲ್ಲಿ ಏನೋ ಇದೆ!”

ಮೇಸ್ತ್ರಿಯ ಕೈ ಮೇಲೆಯೇ ನಿಂತಿತು. ಒಂದು ಇಟ್ಟಿಗೆಯ ಮೇಲೆ ಪುಟ್ಟ ಪಾದದ ಗುರುತಿತ್ತು. ಐದು ಬೆರಳೂ ಅಚ್ಚುಕಟ್ಟಾಗಿ ಮೂಡಿದ್ದವು. ಅವನು ಗುಬ್ಬಿಯನ್ನು ಎತ್ತಿ ಗುಂಡಿಯೊಳಗೆ ಇಳಿಸಿಕೊಂಡ. ಅವಳು ಚಪ್ಪಲಿ ಬಿಟ್ಟು ಆ ಗುರುತಿನ ಮೇಲೆ ಮೆಲ್ಲಗೆ ಪಾದವಿಟ್ಟಳು.

ಸರಿಯಾಗಿ ಹೊಂದಿತು! ಇಟ್ಟಿಗೆ ತಣ್ಣಗಿತ್ತು. ಗುಬ್ಬಿಯ ಮೈಯೆಲ್ಲ ಜುಮ್ಮೆಂದಿತು.

ಗಲಾಟೆ ಕೇಳಿ ಬಂದ ಅಜ್ಜಿ ಮೇಲಿನಿಂದ ಬಗ್ಗಿ ನೋಡಿದಳು. “ಅಯ್ಯೋ, ಯಾವುದೋ ತುಂಟ ಮರಿ! ಒಣಗೋಕೆ ಇಟ್ಟಿದ್ದ ಹಸಿ ಇಟ್ಟಿಗೆ ಮೇಲೆ ಓಡಿಬಿಟ್ಟಿದೆ. ಎಷ್ಟು ಬೈಸ್ಕೊಂಡಿತೋ ಏನೋ!”

“ಯಾವಾಗ ಅಜ್ಜೀ?”

“ನಮ್ಮಜ್ಜಿಯ ಅಜ್ಜಿಗೂ ಗೊತ್ತಿರಲಿಕ್ಕಿಲ್ಲ.”

“ಹಾಗಾದ್ರೆ ಆ ಮಗೂನೂ ನಮ್ಮೂರಿನ ನಾಲ್ಕು ಸಾವಿರ ಜನದಲ್ಲಿ ಸೇರುತ್ತಾ?”

“ಅದು ಈಗ ಇರೋರ ಲೆಕ್ಕ ಕಣೇ. ಇದ್ದು ಹೋದೋರನ್ನ ಯಾರು ಎಣಿಸ್ತಾರೆ?”

ಗುಬ್ಬಿ ಬೂದಿಯ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದಳು. ಇಲ್ಲಿ ಯಾರೋ ಒಲೆ ಹಚ್ಚಿದ್ದರು. ಯಾರೋ ಜಗಳ ಆಡಿದ್ದರು. ಯಾರೋ ಸಂಜೆಯಾಯಿತೆಂದು ಮಕ್ಕಳನ್ನು ಕೂಗಿ ಕರೆದಿದ್ದರು. ಎಷ್ಟೊಂದು ಜನ! ಎಲ್ಲರೂ ಇಲ್ಲೇ, ತಾನು ದಿನಾ ಸೈಕಲ್ ಹೊಡೆಯುವ ಬೀದಿಯಲ್ಲೇ.

“ಮಾಮಾ, ಇದನ್ನ ಸ್ಕೂಲಿಗೆ ತಗೊಂಡು ಹೋಗ್ಲಾ?”

ಮೇಸ್ತ್ರಿ ಇಟ್ಟಿಗೆಯ ಅಂಚನ್ನು ಮುಟ್ಟಿ ನೋಡಿದ. “ಬಿಗಿಯಾಗಿ ಕೂತ್ಬಿಟ್ಟಿದೆ ಪುಟ್ಟಾ. ಎಬ್ಬಿಸಿದ್ರೆ ಎರಡು ಹೋಳಾಗುತ್ತೆ. ನಮಗೇನೋ ಇಷ್ಟು ಆಳ ಸಾಕು. ನೀನು ಹೇಳು, ಎಬ್ಬಿಸ್ಲಾ?”

ಎಬ್ಬಿಸಿದರೆ ಕ್ಲಾಸಿನಲ್ಲಿ ಒಬ್ಬರೂ ನಗುವುದಿಲ್ಲ. ಗುಬ್ಬಿ ಆ ಪುಟ್ಟ ಬೆರಳುಗಳನ್ನೇ ನೋಡಿದಳು.

“ಬೇಡ,” ಎಂದಳು.

ಇಟ್ಟಿಗೆಗಳ ಮೇಲೆ ಮರಳು ಬಿತ್ತು, ಪೈಪು ಕೂತಿತು, ಮಣ್ಣು ಮುಚ್ಚಿತು. ಮುಗಿಯುವವರೆಗೂ ಗುಬ್ಬಿ ಅಲ್ಲಿಂದ ಕದಲಲಿಲ್ಲ.

ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದಳು.

“ಬರೀ ಬುರುಡೆ! ಎಲ್ಲಿ, ತೋರ್ಸು?” ಎಂದ ಹಿಂದಿನ ಬೆಂಚಿನ ಹುಡುಗ.

“ಕಿತ್ತಿದ್ರೆ ಒಡೆದು ಹೋಗ್ತಿತ್ತು. ಅಲ್ಲೇ ಬಿಟ್ವಿ.”

ಯಾರೂ ನಗಲಿಲ್ಲ. ಆ ಹುಡುಗನೂ ಬಗ್ಗಿ ಬೆಂಚಿನ ಕೆಳಗಿನ ನೆಲವನ್ನು ಒಮ್ಮೆ ನೋಡಿಕೊಂಡ.

“ಯಾರಿರಬಹುದು ಆ ಮಗು?” ಎಂದು ಮೇಡಂ ಮೆಲುದನಿಯಲ್ಲಿ ಕೇಳಿದರು.

“ಹೆಸರು ಗೊತ್ತಿಲ್ಲ ಮೇಡಂ,” ಎಂದಳು ಗುಬ್ಬಿ. “ನಮ್ಮ ಬೀದಿಯದೇ.”