ದೊರೆ ಬಂಗಲೆಯ ಮುಂಬಾಗಿಲು

"ಅಕ್ಕಾ, ಯಾರಿಗೆ ಮಾಡಿಸ್ತಾ ಇದೀರ?"

ತಿರುಗಿ ನೋಡಿದೆ. ಸಮಾಧಿಗಳ ಆಚೆ, ಕ್ಯಾಮರಾ ಚೀಲ ಹೆಗಲಿಗೇರಿಸಿಕೊಂಡು ಒಬ್ಬ ನಿಂತಿದ್ದ. ಹತ್ತಿರ ಬರುವ ಧೈರ್ಯ ಅವನಿಗಿದ್ದಂತಿರಲಿಲ್ಲ.

"ಏನು ಮಾಡಿಸ್ತಾ ಇದೀನಿ?"

"ಅಮಾಸೆ. ಒಬ್ರೇ ಹೆಂಗಸು. ಗೋರಿ ಮೇಲೆ ಹಿಟ್ಟು." ಅವನು ಕತ್ತು ಉದ್ದ ಮಾಡಿ ಇಣುಕಿದ. "ನಿಂಬೆಹಣ್ಣೊಂದೇ ಕಾಣ್ತಾ ಇಲ್ಲ."

ನನ್ನ ಕೈ ನೋಡಿಕೊಂಡೆ. ಮಣಿಕಟ್ಟಿನವರೆಗೂ ಮೈದಾ. ಚಿನ್ನದ ಗಣಿಯ ಊರು ಕೋರಮಂಡಲ್‌ನ ಈ ಹಳೆಯ ಬ್ರಿಟಿಷ್ ಸ್ಮಶಾನದಲ್ಲಿ ಕಲ್ಲಿನ ಅಕ್ಷರಗಳು ಬಿಸಿಲಿಗೆ, ಗಾಳಿಗೆ ಸವೆದುಹೋಗಿವೆ. ಹಿಟ್ಟು ಸವರಿ ಒರೆಸಿದರೆ ಗೀರುಗಳಲ್ಲಿ ಉಳಿದ ಬಿಳುಪನ್ನು ಓದಬಹುದು.

"ಓದ್ತಾ ಇದೀನಿ," ಎಂದೆ. "ಸ್ಕಾಟ್ಲೆಂಡಿನಿಂದ ಮೊರಾಗ್ ಅಂತ ಒಬ್ಬರು ಕೇಳಿದ್ದಾರೆ."

"ಅಯ್ಯೋ, ಹಿಸ್ಟರಿ ಮೇಡಂ ನೀವೇನಾ?" ಅವನ ಮುಖ ಸಡಿಲವಾಯಿತು. "ನಾನು ಫೋಟೋ. ಮುನಿರಾಜ್. ರಾಬರ್ಟ್‌ಸನ್‌ಪೇಟೆಲಿ ಸ್ಟುಡಿಯೋ ಇದೆ."

ಹತ್ತಿರ ಬಂದವನು ಹಿಟ್ಟು ಮೆತ್ತಿದ ನನ್ನ ಕೈಯನ್ನೇ ನೋಡಿದ. ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು. ಆಮೇಲೆ ಮುಖ ನೋಡಿದ. ಥಟ್ಟನೆ ಕಣ್ಣು ತಗ್ಗಿಸಿದ. ಬರಿ ಹಣೆ ಕಂಡಿರಬೇಕು ಎಂದುಕೊಂಡೆ. ಕಂಡವರೆಲ್ಲ ಹಾಗೆಯೇ ಕಣ್ಣು ತಗ್ಗಿಸುತ್ತಾರೆ.

*

ನನ್ನ ಗಂಡ ನರೇಶ್ ಹೋಗಿ ಎರಡು ವರ್ಷವಾಗಿತ್ತು. ಬೂದಿಕೋಟೆ ರಸ್ತೆ, ಬೈಕು, ಲಾರಿ. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗುವುದಿಲ್ಲ.

ನನಗೆ ಅಳು ಬರಲಿಲ್ಲ. ಮಣ್ಣು ಮಾಡಿದ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಊರ ಹೆಂಗಸರು ಅದನ್ನು ಗಮನಿಸಿದರು. ಓದಿದವಳು, ಎದೆ ಗಟ್ಟಿ ಎಂದರು. ಅತ್ತೆ ಕದಿರಮ್ಮ ಮಾತ್ರ ಏನೂ ಅನ್ನಲಿಲ್ಲ. ನಾನು ಅವರ ಜೊತೆಯಲ್ಲೇ ಉಳಿದೆ. ವಾರವೆಲ್ಲ ಬಂಗಾರಪೇಟೆಯ ಕಾಲೇಜಿನಲ್ಲಿ ಪಾಠ, ಸಂಜೆ ಬಸ್ಸು, ಅತ್ತೆ ಕರೆದಿಟ್ಟ ಹಾಲನ್ನು ಡೈರಿಗೆ ಹಾಕಿ ಬರುವುದು. ಭಾನುವಾರಗಳು ದೊಡ್ಡದಾಗಿದ್ದವು. ಹಾಗಾಗಿ ಮೊರಾಗ್ ಕೇಳಿದಾಗ ಒಪ್ಪಿಕೊಂಡೆ.

ಮೊರಾಗ್ ನಿವೃತ್ತ ಟೀಚರ್. ಅವರ ಅಜ್ಜ ಕೋರಮಂಡಲ್ ಗಣಿಯ ಇಂಜಿನಿಯರ್ ಆಗಿದ್ದವರು. ಅಜ್ಜಿ ಇಲ್ಲೇ ಮಣ್ಣಾದರು. ಆ ಕಲ್ಲು, ಅವರು ಹೋಗುತ್ತಿದ್ದ ಚರ್ಚು, ಇದ್ದ ಬಂಗಲೆ, ಇಷ್ಟನ್ನು ಮೊರಾಗ್ ನೋಡಬೇಕಿತ್ತು. ಮಂಡಿ ನೋವು, ಬರಲಾರರು. ನಾನು ಓದಿ ಬರೆಯುವುದು, ಮುನಿರಾಜ್ ಫೋಟೋ ತೆಗೆಯುವುದು. ಪ್ರತಿಯಾಗಿ ಅವರು ವಿಡಿಯೋ ಕಾಲ್‌ನಲ್ಲಿ ತಮ್ಮ ದೇಶ ತೋರಿಸುತ್ತಿದ್ದರು. ಒಂದು ಭಾನುವಾರ ಚಾವಣಿಯಿಲ್ಲದ ಕೋಟೆ, ಇನ್ನೊಂದು ಭಾನುವಾರ ಪಾಚಿ ಹಿಡಿದ ಶಿಲುಬೆ.

ಅಜ್ಜಿಯ ಕಲ್ಲು ಸಿಕ್ಕಿತು. ಜೀನ್ ಮ್ಯೂರ್, ಆಂಡ್ರೂ ಬೇರ್ಡ್ ಎಂಬುವರ ಪತ್ನಿ.

"ಇದೇನು ಮೇಡಂ, ಗಂಡ ಬೇರ್ಡ್, ಹೆಂಡ್ತಿ ಮ್ಯೂರ್?"

"ಅವರ ಕಡೆ ಹಾಗೆ. ಹೆಂಗಸಿನ ಕಲ್ಲಿಗೆ ಹುಟ್ಟಿದ ಮನೆ ಹೆಸರೇ."

"ಸತ್ತ ಮೇಲಾದ್ರೂ ತವರು ವಾಪಸ್ ಸಿಕ್ತು ಅನ್ನಿ." ಕ್ಯಾಮರಾದಿಂದ ಕಣ್ಣು ತೆಗೆಯದೆ ಕೇಳಿದ, "ಅಂದಹಾಗೆ ನಿಮ್ಮ ಹೆಸರು?"

"ಇಷ್ಟು ದಿನದಿಂದ ಮೇಡಂ ಅಂತಿದೀರಲ್ಲ, ಅದೇ ಸಾಕು."

"ಮೊರಾಗ್ ಮೇಡಂ, ಹಿಸ್ಟರಿ ಮೇಡಂ, ಸತ್ತೋಗಿರೋ ಜೀನ್ ಮೇಡಂ. ಯಾರನ್ನ ಕರೆದೆ ಅಂತ ನನಗೇ ಗೊತ್ತಾಗಲ್ಲ."

"ಲಿಖಿತ," ಎಂದೆ. ಅವನು ಫೋಟೋ ತೆಗೆದ. ಕಲ್ಲಿನದೇ ಇರಬೇಕು.

*

ಚರ್ಚು ನೋಡಲು ಹೋದ ದಿನ ಮೊರಾಗ್ ತಮ್ಮ ಹಳ್ಳಿಯ ಚರ್ಚಿನೊಳಗಿಂದ ಕರೆ ಮಾಡಿದರು. ಕಡಲಂಚಿನ ಹಳ್ಳಿ. ಕಲ್ಲಿನ ದಪ್ಪ ಗೋಡೆ, ಗಟ್ಟಿ ಬೆಂಚುಗಳು. ಮಾಡಿನಿಂದ ಮರದ ಪುಟ್ಟ ಹಡಗೊಂದು ತೂಗುತ್ತಿತ್ತು. ಕಡಲಿಗಿಳಿದವರು ಕ್ಷೇಮವಾಗಿ ಬರಲಿ ಎಂದು ಮೀನುಗಾರರು ಕಟ್ಟಿದ್ದಂತೆ. ಮೊರಾಗ್‌ರ ಬಾಯಿಂದ ಬಿಳಿ ಹಬೆ ಬರುತ್ತಿತ್ತು.

ನಮ್ಮ ಚರ್ಚಿನ ಮಾಡಿನಲ್ಲಿ ಪಾರಿವಾಳಗಳಿದ್ದವು. ಕಿಟಕಿಯಾಚೆ, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸೈನೈಡ್ ದಿಬ್ಬ.

"ಇಲ್ಲಿ ತೂಗಾಕಿದ್ರೆ ಗಣಿಗೆ ಇಳಿಯೋ ಕೇಜ್ ತೂಗಾಕ್ಬೇಕಿತ್ತು," ಎಂದ ಮುನಿರಾಜ್. "ಕೆಳಗೆ ಕೂತೋರ ಪ್ರಾರ್ಥನೆ ಇನ್ನೂ ಜೋರಾಗಿರ್ತಿತ್ತು, ಮೇಲಿಂದ ಬೀಳದಿರಲಪ್ಪ ಅಂತ."

ನಾನು ನಕ್ಕೆ.

ಆ ಸದ್ದು ಖಾಲಿ ಬೆಂಚುಗಳ ಮೇಲೆ ಒಂದು ಸುತ್ತು ಹಾಕಿ ನನ್ನ ಕಿವಿಗೇ ವಾಪಸ್ ಬಂತು. ಬೇರೆ ಯಾರೋ ಹೆಂಗಸು ನಕ್ಕಂತಿತ್ತು. ಮುನಿರಾಜ್ ಫೋನು ಹಿಡಿದ ಕೈ ಇಳಿಸುವುದನ್ನೇ ಮರೆತು ನನ್ನನ್ನು ನೋಡಿದ. ಪಾರಿವಾಳಗಳನ್ನು ನೋಡುವವನಂತೆ ಬೇಗ ಮುಖ ಮೇಲೆತ್ತಿದ. ಕಿವಿ ಮಾತ್ರ ಕೆಂಪಾಗಿತ್ತು.

ರಾತ್ರಿ ಊಟಕ್ಕೆ ಅತ್ತೆ ಮುದ್ದೆ ಇಡುತ್ತಾ ನನ್ನ ಮುಖ ನೋಡಿದರು. "ಮೊಕ ಕಳೆಕಳೆಯಾಗೈತಲ್ಲ. ಬಿಸ್ಲಾ?"

"ಬಿಸಿಲು ಅತ್ತೆ."

ಮುಂಬಾಗಿಲಿನ ಎದುರು ಗೋಡೆಗೆ ನರೇಶ್ ಫೋಟೋ. ಮದುವೆಯ ಚಿತ್ರದಿಂದ ಅವರೊಬ್ಬರನ್ನೇ ತೆಗೆದು ದೊಡ್ಡದು ಮಾಡಿಸಿದ್ದು. ಎಡ ಭುಜದ ಮೇಲೆ ಒಂದು ಸಣ್ಣ ಮಸುಕು ಗುರುತಿದೆ. ಆ ಭುಜದ ಮೇಲೆ ಆಗ ನನ್ನ ಕೈಯಿತ್ತು.

ಮೊದಲು ಅಳು ಬರಬೇಕಿತ್ತು. ನಗು ಬಂದುಬಿಟ್ಟಿತು.

*

ಒಂದು ಸಂಜೆ ಮುನಿರಾಜ್ ಪ್ರಿಂಟುಗಳನ್ನು ಕೊಡಲು ಊರಿಗೇ ಬಂದ. ಬೈಕು ನಿಲ್ಲಿಸಿದ. ಜಗಲಿಯನ್ನು ನೋಡಿದ. ಮನೆಯ ಪಕ್ಕದ ಓಣಿಯಲ್ಲಿ ಸುತ್ತಿಕೊಂಡು ಕೊಟ್ಟಿಗೆಯ ಕಡೆಗೆ ಹೋದ.

ಹಾಗೆ ಹೋಗು ಎಂದು ಯಾರೂ ಹೇಳಲಿಲ್ಲ. ಗಣಿ ಕೂಲಿಗಳ ಲೈನ್ ಮನೆಗಳ ಜನ ನಮ್ಮಂಥವರ ಊರಿಗೆ ಬಂದರೆ ಎಲ್ಲಿ ನಿಲ್ಲಬೇಕೆಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಪೋಟೋದೋನೇನಪ್ಪಾ? ಕಾಪಿ ಕುಡ್ಕಂಡ್ ಓಗು," ಎಂದರು ಅತ್ತೆ. ಒರಟಾಗಿಯೇನೂ ಅಲ್ಲ. ಲೋಟವನ್ನು ಕೊಟ್ಟಿಗೆಯ ಗೋಡೆಯ ಮೇಲಿಂದ ತೆಗೆದರು. ಅದು ಯಾವಾಗಲೂ ಅಲ್ಲೇ ಇರುವ ಲೋಟ, ಒಳಗೆ ಬರುವುದಿಲ್ಲ. ಅವನು ನಿಂತೇ ಕುಡಿದ. ತೊಟ್ಟಿಯ ಬಳಿ ತಾನೇ ತೊಳೆದ. ಗೋಡೆಯ ಮೇಲೆ ಬೋರಲು ಹಾಕಿದ.

ನಾನು ಹಿಂಬಾಗಿಲಲ್ಲಿ ನಿಂತಿದ್ದೆ. ಒಳಗೆ ಬನ್ನಿ ಎಂದರೆ ಸಾಕಿತ್ತು. ಅದೇ ಬೆಳಿಗ್ಗೆ ಸಮಾನತೆಯ ಬಗ್ಗೆ ಒಂದು ಗಂಟೆ ಪಾಠ ಮಾಡಿದ್ದ ಬಾಯಿ. ಅದು ತೆರೆಯಲಿಲ್ಲ.

ಹೊರಡುವಾಗ ಅವನು ಸುಮ್ಮನೆ ತಲೆಯಾಡಿಸಿದ. ಅವನು ಬೇಸರ ತೋರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

*

ಡಿಸೆಂಬರಿನ ಕೊನೆಯ ಭಾನುವಾರ, ನೋಡಲು ಬಂಗಲೆ ಒಂದೇ ಉಳಿದಿತ್ತು. ಮಾಡು ಹೋಗಿತ್ತು, ಗೋಡೆ ಅರ್ಧ ಬಿದ್ದಿತ್ತು. ಮುಂದಿನ ಮೆಟ್ಟಿಲು, ಅದರ ಮೇಲೆ ಬಾಗಿಲಿನ ಚೌಕಟ್ಟು ಮಾತ್ರ ನೆಟ್ಟಗಿದ್ದವು. ಫೋನಿನಲ್ಲಿ ಆ ಚೌಕಟ್ಟು ಕಂಡದ್ದೇ ಮೊರಾಗ್ ಸಣ್ಣ ಹುಡುಗಿಯಂತೆ ಕೈ ತಟ್ಟಿದರು.

ಹೊಸ ವರ್ಷ ಹುಟ್ಟಿದ ಮೇಲೆ ಹೊಸಿಲನ್ನು ಮೊದಲು ದಾಟುವವರು ಆ ಮನೆಗೆ ವರ್ಷದ ಅದೃಷ್ಟ ತರುತ್ತಾರೆಂದು ಅವರಲ್ಲಿ ನಂಬಿಕೆಯಂತೆ. ಕಪ್ಪು ಕೂದಲಿನ ಎತ್ತರದ ಗಂಡಸಾದರೆ ಒಳ್ಳೆಯದು. ಹೆಂಗಸು ಮೊದಲು ಬಂದರೆ ಕೆಡುಕು. ಬರುವವನು ಕಲ್ಲಿದ್ದಲು, ಉಪ್ಪು, ಬ್ರೆಡ್ ತರಬೇಕು. ಮನೆ ಬೆಚ್ಚಗಿರಲಿ, ಊಟಕ್ಕೆ ಕೊರತೆಯಾಗದಿರಲಿ ಎಂದು. ಇಲ್ಲಿದ್ದಾಗ ಅಜ್ಜನಿಗೆ ಅಂಥವನು ಹುಡುಕದೆ ಸಿಕ್ಕಿದ್ದನಂತೆ, ಬಂಗಲೆಯ ಕೆಲಸದ ಹುಡುಗ. ಕುಪ್ಪು ಅಂತ ಏನೋ ಹೆಸರು, ಅವನು ಬರುತ್ತಿದ್ದ ವರ್ಷಗಳೆಲ್ಲ ಚೆನ್ನಾಗಿದ್ದವು ಎಂದು ಅಜ್ಜ ಕೊನೆಯವರೆಗೂ ನೆನೆಯುತ್ತಿದ್ದರಂತೆ.

ಕರೆ ಮುಗಿಯಿತು. ಮುನಿರಾಜ್ ಮೆಟ್ಟಿಲ ಮೇಲೆ ಕುಳಿತಿದ್ದ.

"ಕುಪ್ಪುಸ್ವಾಮಿ," ಎಂದ. "ನಮ್ಮ ತಾತ."

"ಅವರಿಗೆ ಹೇಳಬಹುದಿತ್ತಲ್ಲ."

"ಏನಂತ ಹೇಳ್ಲಿ? ತಾತನೂ ಆ ದಿನ ನೆನೆಸ್ಕೊತಿದ್ದ. ರಾತ್ರಿಯೆಲ್ಲ ಚಳೀಲಿ ಇದ್ದಿಲು ಹಿಡ್ಕೊಂಡು ಇದೇ ಮೆಟ್ಟಿಲ ಹತ್ರ ಕಾಯ್ತಿದ್ನಂತೆ. ಹನ್ನೆರಡು ಹೊಡೆದ ತಕ್ಷಣ ದೊರೆನೇ ಬಾಗಿಲು ತೆಗೆದು ಕೈ ಕುಲುಕೋನು. ಅವತ್ತೊಂದಿನ ಮುಂಬಾಗಿಲು. ಬೆಳಗಾದ್ರೆ ಮತ್ತೆ ಹಿಂಬಾಗಿಲು, ಮುಂದಿನ ವರ್ಷದ ತನಕ." ಅವನು ನಕ್ಕ. "ವರ್ಷಕ್ಕೊಂದಿನದ ಅಳಿಯ."

ನಾನು ಚೌಕಟ್ಟಿಗೆ ಒರಗಿ ನಿಂತೆ. "ಅವತ್ತು ಕೊಟ್ಟಿಗೆ ಹತ್ತಿರ," ಎಂದೆ. "ನಾನು ಒಳಗೆ ಕರೀಬೇಕಿತ್ತು."

"ಹೂಂ." ಇಲ್ಲ ಬಿಡಿ ಎನ್ನಲಿಲ್ಲ ಅವನು. "ನಂದೂ ಒಂದು ತಪ್ಪಿದೆ ಮೇಡಂ," ಎಂದ. "ನಿಮ್ಮ ಮನೆಯೋರ ಫೋಟೋ ಮಾಡಿದ್ದು ನಾನೇ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಮದುವೆ ಫೋಟೋ ತಂದುಕೊಟ್ರು ನಿಮ್ಮೂರೋರು ಯಾರೋ. ಹೆಣ್ಣು ಬೇಡ, ಅವನೊಬ್ಬನೇ ಸಾಕು ಅಂದ್ರು. ಭುಜದ ಮೇಲೆ ನಿಮ್ಮ ಕೈ ಇತ್ತು. ಬೆರಳು ಒಂದೊಂದೇ ಅಳಿಸಿದೆ. ಕೊನೇ ಬೆರಳು ಆಗಲಿಲ್ಲ. ಒಂಚೂರು ಹಾಗೇ ಬಿಟ್ಟೆ. ಪಾಪ, ಅಷ್ಟಾದ್ರೂ ಜೊತೆಗಿರಲಿ ಅಂತ."

ದಿನಾ ನೋಡುತ್ತಿದ್ದ ಆ ಮಸುಕು ಗುರುತು. ಪ್ರಿಂಟಿನ ದೋಷ ಎಂದುಕೊಂಡಿದ್ದೆ.

"ಸ್ಮಶಾನದಲ್ಲಿ ನನ್ನ ಗುರುತು ಸಿಕ್ತಾ?"

"ಮುಖಕ್ಕಿಂತ ಮೊದಲು ಕೈ ಸಿಕ್ತು." ಅವನು ತನ್ನ ಅಂಗೈ ನೋಡಿಕೊಂಡ. "ನಿಮ್ಮ ಕಡೆ ಅರ್ಧ ಇನ್ನೂ ನನ್ನ ಕಂಪ್ಯೂಟರಲ್ಲಿದೆ. ತೆಗೆದಾಕೋಕೆ ಮನಸ್ಸು ಬರಲಿಲ್ಲ. ಸತ್ತೋರ ಹೆಂಡ್ತಿ ಫೋಟೋ ಇಟ್ಕೊಂಡು ನೋಡೋದು ಏನು ಅನ್ನೋದು ನನಗೂ ಗೊತ್ತು. ಬೇಡ ಅಂದ್ರೆ ಇವತ್ತೇ ಅಳಿಸ್ತೀನಿ."

ಬೇಡ ಎನ್ನಬೇಕಿತ್ತು. ನನ್ನೊಳಗೆ ಏನೋ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಅದರ ಜೊತೆಯಲ್ಲೇ ಗೋಡೆಯ ಮೇಲಿನ ನರೇಶ್ ಕಣ್ಣೆದುರು ಬಂದರು, ಅದೇ ಮದುವೆ ದಿನದ ನಗುವಿನಲ್ಲಿ.

"ಅಳಿಸಬೇಡಿ," ಎಂದೆ.

ಅವನು ಎದ್ದು ಪ್ಯಾಂಟಿನ ದೂಳು ಕೊಡವಿದ. "ಇಲ್ಲಿಗೆ ಫೋಟೋ ಕೆಲಸ ಮುಗೀತು. ಇನ್ನು ನಾನು ಬರೋಕೆ ನೆಪ ಇಲ್ಲ. ನೀವು ಕರೆದ್ರೆ ಬರ್ತೀನಿ, ಲಿಖಿತ. ಆದ್ರೆ ಕೊಟ್ಟಿಗೆ ಕಡೆಯಿಂದ ಬರಲ್ಲ. ಆ ಕಡೆಯಿಂದ ನಮ್ಮ ತಾತ ಬಂದಿದ್ದೇ ಸಾಕು."

*

ವರ್ಷದ ಕೊನೆಯ ಸಂಜೆ ಅತ್ತೆ ನೆನೆದ ಅವರೆಕಾಳು ಹಿತುಕುತ್ತಿದ್ದರು. ನಾನೂ ಕುಳಿತೆ. ಸಿಪ್ಪೆಗಳು ಒಂದು ಕಡೆ ಗುಡ್ಡೆಯಾಗುತ್ತಿದ್ದವು.

"ಅತ್ತೆ, ಮುನಿರಾಜ್‌ನ ನಾಳೆ ಬೆಳಿಗ್ಗೆ ಬನ್ನಿ ಅಂತ ಕರೆದಿದೀನಿ. ಮುಂಬಾಗಿಲಿಂದ."

ಅತ್ತೆಯ ಕೈ ನಿಲ್ಲಲಿಲ್ಲ. "ಪೋಟೋ ಕೊಡಾಕಾ?"

"ಅಲ್ಲ."

ಅದಕ್ಕಿಂತ ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಅವರು ಇನ್ನೊಂದು ಹಿಡಿ ಕಾಳು ಎಳೆದುಕೊಂಡರು.

"ನನ್ ಮಗ ನಿಂಗೆ ನೆಪ್ಪಿಗೆ ಬತ್ತಾನಾ?"

"ಬರ್ತಾರೆ ಅತ್ತೆ. ಅಳು ಬರಲ್ಲ."

"ಗೊತ್ತು," ಎಂದರು. ಸಿಪ್ಪೆಯನ್ನು ಸೆರಗಿಗೆ ಬಳಿದುಕೊಂಡು ಹಸುವಿಗೆ ಹಾಕಲು ಎದ್ದು ಹೋದರು. ಬೇಡ ಎನ್ನಲಿಲ್ಲ. ಆಯ್ತು ಎಂದೂ ಅನ್ನಲಿಲ್ಲ.

*

ಬೆಳಿಗ್ಗೆ ಎದ್ದು ಜಗಲಿ ತೊಳೆದೆ. ಎರಡು ವರ್ಷದಿಂದ ಮುಟ್ಟದ ರಂಗೋಲಿ ಡಬ್ಬ ತೆಗೆದೆ. ಎಳೆಗಳು ಸೊಟ್ಟಗೆ ಬಂದವು. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು, ತಂಬಿಗೆಗೆ ಬೀಳುವ ಸದ್ದು ಕೇಳುತ್ತಿತ್ತು.

ಬೈಕು ಬಂತು. ಮುನಿರಾಜ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ. ಕೈಯಲ್ಲಿ ಪೇಪರಿನ ಪೊಟ್ಟಣ. ರಸ್ತೆಯಲ್ಲೇ ನಿಂತ. ಓಣಿಯತ್ತ ತಿರುಗಲಿಲ್ಲ, ಜಗಲಿಯ ಕಡೆಗೂ ಹೆಜ್ಜೆಯಿಡಲಿಲ್ಲ. ಎದುರು ಮನೆಯ ಇಂದ್ರಾಣಿ ಬಕೆಟ್ ಹಿಡಿದವಳು ಹಾಗೇ ನಿಂತು ನೋಡಿದಳು. ಕೊಟ್ಟಿಗೆಯ ಸದ್ದು ನಿಂತಿತು.

"ಬನ್ನಿ," ಎಂದೆ. ಅವನು ಕದಲಲಿಲ್ಲ. ಮತ್ತೆ ಹೇಳಿದೆ. "ಒಳಗೆ ಬನ್ನಿ, ಮುನಿರಾಜ್."

ಅವನು ರಂಗೋಲಿ ತುಳಿಯದಂತೆ ಬಳಸಿ ಬಂದ. ಹೊಸಿಲ ಬಳಿ ನಿಂತುಬಿಟ್ಟ. ನನ್ನ ಹಿಂದಿನ ಗೋಡೆಯ ಮೇಲೆ ನರೇಶ್. ಮುನಿರಾಜ್‌ನ ಕಣ್ಣು ಅಲ್ಲೇ ನೆಟ್ಟಿತ್ತು.

ಅಷ್ಟರಲ್ಲಿ ಅತ್ತೆ ತಂಬಿಗೆ ಹಿಡಿದು ಓಣಿಯಿಂದ ಬಂದರು. ಅವನನ್ನು ನೋಡಿದರು, ನನ್ನನ್ನು ನೋಡಿದರು, ಎದುರು ಮನೆಯ ಕಡೆ ಒಮ್ಮೆ ನೋಡಿದರು.

"ಕೈಯಾಗೇನಪ್ಪಾ?"

"ಇದ್ದಿಲಮ್ಮ. ಉಪ್ಪು, ಬನ್ನು." ಅವನು ಪೊಟ್ಟಣ ಮುಂದೆ ಚಾಚಿದ. "ಮನೆ ಬೆಚ್ಚಗಿರಲಿ ಅಂತ."

ಅತ್ತೆ ಪೊಟ್ಟಣ ಬಿಚ್ಚಿ ಇದ್ದಿಲನ್ನು ಮುಟ್ಟಿ ನೋಡಿದರು. ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಅಂಗೇ ನಿಂತ್ಕಂಡ್ರೆ ಎಂಗ್ ಬೆಚ್ಚಗಾದದು?" ಎಂದರು. "ಬಲಗಾಲ್ ಮುಂದಿಕ್ಕಪ್ಪಾ."

ಹೊಸ ಹೆಣ್ಣಿಗೆ, ಅಳಿಯನಿಗೆ ಹೇಳುವ ಮಾತು. ಐದು ವರ್ಷದ ಹಿಂದೆ ಇದೇ ಹೊಸಿಲಲ್ಲಿ ನನಗೆ ಹೇಳಿದ್ದರು. ಪಕ್ಕದಲ್ಲಿ ಅವರ ಮಗ ನಿಂತಿದ್ದರು.

ಮುನಿರಾಜ್ ಒಳಗೆ ಬಂದು ನರೇಶ್ ಫೋಟೋದ ಮುಂದೆ ಕೈಮುಗಿದ. ನಾನು ಭುಜದ ಮೇಲಿನ ಆ ಗುರುತು ನೋಡಿದೆ. ನನ್ನ ಕಿರುಬೆರಳು. ಇಷ್ಟು ದಿನವೂ ಅದು ಅಲ್ಲೇ ಇತ್ತು.

ಅಳು ಬಂತು. ಎಲ್ಲಿಂದ ಬಂತೋ, ಗೋಡೆ ಹಿಡಿದು ಕುಳಿತುಬಿಟ್ಟೆ. ಅವನು ಗಾಬರಿಯಾಗಿ ನನ್ನತ್ತ ಬಗ್ಗಿದ.

"ಅಳ್ಲಿ ಬುಡಪ್ಪಾ," ಎಂದರು ಅತ್ತೆ. ಅವರ ಧ್ವನಿಯೂ ಒಡೆದಿತ್ತು. "ಎಲ್ಡ್ ವರ್ಸದ್ದು."

ಅವನು ನೆಲದ ಮೇಲೆ, ನನ್ನಿಂದ ಒಂದು ಮೊಳ ದೂರದಲ್ಲಿ ಕುಳಿತ. ಮುಟ್ಟಲಿಲ್ಲ. ನಾನೇ ಕೈ ಚಾಚಿದೆ. ರಂಗೋಲಿ ಹಿಟ್ಟು ಇನ್ನೂ ಬೆರಳಲ್ಲಿತ್ತು. ಅವನು ಅದನ್ನು ಒರೆಸದೆ ಹಾಗೇ ಹಿಡಿದುಕೊಂಡ.

ತಪ್ಪು ಮಾಡುತ್ತಿದ್ದೇನೆ ಎಂಬುದು ಹೋಗಲಿಲ್ಲ. ಅದೂ ನಮ್ಮ ಜೊತೆಯಲ್ಲೇ ಒಳಗೆ ಬಂದು ಕುಳಿತಿತ್ತು.

ಅತ್ತೆ ಇದ್ದಿಲನ್ನು ಒಲೆಗೆ ಹಾಕಿ ಹಾಲು ಕಾಯಲು ಇಟ್ಟರು. ಅಡುಗೆಮನೆಯ ಶೆಲ್ಫಿನಿಂದ ಮೂರು ಲೋಟ ಇಳಿಸಿದ ಸದ್ದು ಕೇಳಿತು.