ಇನ್ನು ಇಪ್ಪತ್ತು ಕಿಲೋಮೀಟರ್

ನಾನು ಟವರ್‌ನಲ್ಲಿ ಕೂತು ವಿಮಾನಗಳಿಗೆ ಇಳಿಯಲು ಅನುಮತಿ ಕೊಡುವವನು. ಪಕ್ಕದ ಜಿಲ್ಲೆಯ ನಿಲ್ದಾಣದಿಂದ ನಮ್ಮಲ್ಲಿಗೆ ನೂರೆಂಬತ್ತು ಕಿಲೋಮೀಟರ್, ಹಾರಾಟ ನಲವತ್ತೇ ನಿಮಿಷ. ಪೈಲಟ್ ನನ್ನ ಅಕ್ಕನ ಗಂಡ. ಆ ಬೆಳಿಗ್ಗೆ ಭಾವ ಹೊತ್ತಿಗೆ ಸರಿಯಾಗಿ ಇಳಿದು, ಮೇಲೆ ಬಂದು ನನ್ನ ಪಕ್ಕ ಚಹಾ ಹಿಡಿದು ಕೂತಿದ್ದರು.

ಆಗ ರೇಡಿಯೊದಲ್ಲಿ ಅವರದೇ ದನಿ ಬಂತು. "ಇನ್ನು ಇಪ್ಪತ್ತು ಕಿಲೋಮೀಟರ್. ಇಳೀಲಾ?"

ಇಳಿಯಿರಿ ಅಂದೆ. ಯಾವ ವಿಮಾನವೂ ಬರಲಿಲ್ಲ. ಐದೈದು ನಿಮಿಷಕ್ಕೊಮ್ಮೆ ಅದೇ ದನಿ, ಅದೇ ಇಪ್ಪತ್ತು ಕಿಲೋಮೀಟರ್.

"ಇಂಧನ ಎಷ್ಟಿತ್ತು, ಭಾವ?" ಪಕ್ಕಕ್ಕೆ ತಿರುಗಿ ಕೇಳಿದೆ.

"ಎರಡು ಗಂಟೆ ಹಾರೋವಷ್ಟು."

ಎರಡು ಗಂಟೆ ತುಂಬುವ ಹೊತ್ತಿಗೆ ದನಿ ಸೋತಿತ್ತು. "ನಿಮ್ಮಕ್ಕನಿಗೆ ಹೇಳು, ಬರೋದು ತಡವಾಗುತ್ತೆ."

ಭಾವ ಕೈಚಾಚಿ ರೇಡಿಯೊ ಆಫ್ ಮಾಡಿದರು. ಇನ್ನೂ ಹಬೆಯಾಡುತ್ತಿದ್ದ ಲೋಟ ಕೆಳಗಿಟ್ಟು, ಅಕ್ಕನ ಮನೆಗೆ ಊಟಕ್ಕೆ ಹೊರಟರು.