ಎಳೆಯರಸನ ಮೂಲಂಗಿ ಪಾತಿ

ಕದಲಿವಾಡದ ಅರಮನೆಯ ಹೊನ್ನಕಳಶಗಳು ಎಳೆಬಿಸಿಲಿಗೆ ಹೊಳೆಯುತ್ತಿದ್ದವು. ಮುತ್ತಿನ ಪೇಟೆಯ ಅಂಗಡಿಗಳೆಲ್ಲ ಬಾಗಿಲು ತೆರೆದಿದ್ದರೂ ಕೊಳ್ಳುವವರಿರಲಿಲ್ಲ. ಊರಿಗೆ ಊರೇ ಆನೆಬಾಗಿಲ ಮುಂದೆ ನೆರೆದು, ಮಡಿಲಲ್ಲಿ ಮಂಡಕ್ಕಿ ಕಟ್ಟಿಕೊಂಡು, ಅಡುಗೆಯ ಚಿಕ್ಕಬ್ಬೆಯನ್ನು ಆನೆ ತುಳಿಯುವುದನ್ನು ನೋಡುತ್ತಿತ್ತು. ಎಳೆಯರಸ ಇರಿವಮಲ್ಲನ ಹಾಲಿಗೆ ವಿಷ ಬೆರೆಸಿದಳೆಂಬುದು ಅವಳ ಮೇಲಿನ ಆರೋಪ. ಪಾಪದವಳು, ಮಗು ಹಾಲು ಕುಡಿಯಿತೇ ಎಂದು ಕೊನೆಯವರೆಗೂ ಕೇಳುತ್ತಿದ್ದಳಂತೆ.

ಏಳು ವರ್ಷದ ಆ ಅರಸನ ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿತ್ತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ. ಇದರ ಹಿಂದಿರುವವಳು ಮಲತಾಯಿ ಮೈಳಲದೇವಿಯೇ ಎಂದು ದಂಡನಾಯಕ ಬೂತರಸ ಸಾರಿದ. ರಾಣಿಯೂ ಮಗುವೂ ಇಲ್ಲವಾದರೆ ಸಿಂಹಾಸನಕ್ಕೆ ಅವನೇ ಹತ್ತಿರದವನು. ಇದು ಆಸ್ಥಾನಕ್ಕೆಲ್ಲ ಗೊತ್ತಿತ್ತು, ಬಾಯಿಬಿಡುವ ಗಂಡಸು ಮಾತ್ರ ಒಬ್ಬನೂ ಇರಲಿಲ್ಲ.

ರಾಜವೈದ್ಯ ನಾಗದೇವಪಂಡಿತರಿಗೆ ಇದು ಕ್ರಿಮಿರೋಗವೆಂದು ಅನುಮಾನ. ಅನುಮಾನಕ್ಕೆ ಸಾಕ್ಷಿ ಬೇಕು, ಸಾಕ್ಷಿಯಿರುವುದು ಮಗುವಿನ ಮಲದಲ್ಲಿ. ಆ ಮನೆತನದ ಕಟ್ಟಳೆಯೋ, ಏನೆಂದು ಹೇಳಲಿ: ಶತ್ರುಗಳು ಮಾಟ ಮಾಡಿಸಿಯಾರೆಂದು ಅರಸನ ಮಲವನ್ನು ಯಾರೂ ಕಾಣಕೂಡದು, ಕಂಡವರ ಕಣ್ಣು ಕೀಳಬೇಕು. ಅದನ್ನು ಹುಟ್ಟುಕುರುಡ ಊಳಿಗದವನೊಬ್ಬ ಅಂತಃಪುರದ ತೋಟದಲ್ಲೇ ಹೂಳುತ್ತಿದ್ದ. ಅದೇ ತೋಟದ ಮೂಲಂಗಿಯನ್ನು, ಹೊರಗಿನವರ ಕೈಸೋಕದ ಪರಿಶುದ್ಧ ವಸ್ತುವೆಂದು, ಅರಸನೊಬ್ಬನಿಗೇ ಹಸಿಯಾಗಿ ತಿನ್ನಿಸುತ್ತಿದ್ದರು.

ಪಂಡಿತರು ಮಗುವಿಗೆ ಮೊದಲು ಬೆಲ್ಲ ತಿನ್ನಿಸಿ, ವಾಯುವಿಳಂಗ ಮತ್ತು ಮುತ್ತುಗದ ಬೀಜದ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿ, ಮೇಲೆ ಹರಳೆಣ್ಣೆ ಕುಡಿಸಿದರು. ಬೆಳಿಗ್ಗೆ ಊಳಿಗದವನು ಬರುವ ಮೊದಲೇ ಮಲದ ಪಾತ್ರೆಯ ಮುಚ್ಚಳ ತೆಗೆದರು. ಎರೆಹುಳುವಿನಷ್ಟು ದಪ್ಪದ ಬಿಳಿಯ ಹುಳುಗಳು ಒಂದಕ್ಕೊಂದು ಹೆಣೆದುಕೊಂಡು ಹೊರಳುತ್ತಿದ್ದವು. ಪಂಡಿತರು ಮುಚ್ಚಳವನ್ನು ಮೊದಲಿನಂತೆಯೇ ಮುಚ್ಚಿಟ್ಟರು. ಸುಮ್ಮನಿದ್ದರೆ ಅವರ ಕಣ್ಣು ಉಳಿಯುತ್ತಿತ್ತು, ರಾಣಿಯ ಪ್ರಾಣ ಹೋಗುತ್ತಿತ್ತು.

ಆಸ್ಥಾನದಲ್ಲಿ ಅವರು ಎದ್ದು ನಿಂತರು. "ಪ್ರಭುಗಳ ಹೊಟ್ಟೆಯಲ್ಲಿರುವುದು ಹುಳು, ವಿಷವಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಮಣ್ಣಿನಲ್ಲಿ ಹೂತದ್ದು ಮೂಲಂಗಿಯ ಜೊತೆ ಮರಳಿ ಹೊಟ್ಟೆ ಸೇರುತ್ತಿದೆ. ಸಂದೇಹವಿದ್ದವರು ಅಗೆದು ನೋಡಬಹುದು."

ಯಾರೂ ಮಿಸುಕಲಿಲ್ಲ, ಕಣ್ಣು ಎಲ್ಲರಿಗೂ ಬೇಕಾಗಿತ್ತು. ತನ್ನ ಕಣ್ಣು ಕೀಳಿಸಿಕೊಳ್ಳಲೆಂದು ಯಾವನೂ ಸುಳ್ಳು ಹೇಳಲಾರನೆಂದು ಹಿರಿಯ ಸಭಾಸದರು ಒಪ್ಪಿದರು. ಪಕ್ಷ ಕಳೆದು ಇನ್ನೊಮ್ಮೆ ಔಷಧ ಕೊಡಬೇಕು, ಹಸಿಯದೇನನ್ನೂ ತಿನ್ನಿಸಕೂಡದು ಎಂದು ಪಂಡಿತರು ಬೇಡಿಕೊಂಡರು. ಹುಳು ಪೂರ್ತಿ ಹೋಯಿತೆಂದು ಆಗ ಸಾಕ್ಷಿ ದೊರೆಯದಿದ್ದರೆ ರಾಣಿಗೂ ಆನೆಯೇ ಗತಿ ಎಂದು ಬೂತರಸ ವಿಧಿಸಿದ.

ಕಾದ ಸಲಾಕೆ ಅಂದೇ ಬಂತು. ಪಂಡಿತರ ಆರ್ತನಾದ ಅಡಗಿದ ಮೇಲೆ ಬೂತರಸ ನಕ್ಕು, "ಇನ್ನು ಆ ತೋಟದ ಊಳಿಗಕ್ಕೆ ತಾವೂ ಯೋಗ್ಯರಾದಿರಿ, ಪಂಡಿತರೇ," ಎಂದ.

ಪಕ್ಷ ಕಳೆದಾಗ ಪಂಡಿತರು ಮುಟ್ಟಿ, ಮೂಸಿ ಔಷಧವನ್ನು ಕಲಸಿದರು. ಮಗು ಅಷ್ಟರಲ್ಲಾಗಲೇ ಓಡಾಡುತ್ತಿತ್ತು. ಆದರೂ ಮರುದಿನ ಸಭೆಯಲ್ಲಿ ಬೂತರಸ ಸಾಕ್ಷಿ ಎಲ್ಲಿ ಎಂದು ಕೇಳಿದ. ನೋಡಿದವರಿಲ್ಲವೆಂದರೆ ರಾಣಿಗೆ ಆನೆ, ಇದ್ದಾರೆಂದರೆ ಅವರಿಗೆ ಸಲಾಕೆ. ಎತ್ತಿಂದೆತ್ತ ಹೋದರೂ ಗೆಲುವು ತನ್ನದೇ ಎಂದು ಆ ನೀಚ ಎಣಿಸಿದ್ದ.

ಮೈಳಲದೇವಿ ಎದ್ದಳು. "ನಾನು ನೋಡಿದ್ದೇನೆ. ಒಂದು ಹುಳುವೂ ಇರಲಿಲ್ಲ."

ಬೂತರಸ ಸಲಾಕೆ ಕಾಯಿಸಲು ಸನ್ನೆ ಮಾಡಿದ. ಆಗ ಸಿಂಹಾಸನದಿಂದ ಇರಿವಮಲ್ಲ, "ನಾನೂ ಬಗ್ಗಿ ನೋಡಿದೆ. ನನ್ನ ಕಣ್ಣನ್ನೂ ಕೀಳುತ್ತೀರಾ?" ಎಂದು ಕೇಳಿದ.

ಸಲಾಕೆ ಹಿಡಿದವನ ಕೈ ಕೆಳಗಿಳಿಯಿತು. ಈಗ ಸಿಕ್ಕಿಬಿದ್ದವನು ಬೂತರಸ. ಕಟ್ಟಳೆ ಅರಸನಿಗೂ ಉಂಟೆಂದರೆ ರಾಜದ್ರೋಹ, ಇಲ್ಲವೆಂದರೆ ಕಟ್ಟಳೆಯೇ ಸುಳ್ಳು. ಎಳೆಯರಸ ಸಭೆಯ ಕಡೆಗೆ ತಿರುಗಿದ.

"ಹಾಗಾದರೆ ವೈದ್ಯಜ್ಜನ ಕಣ್ಣು ಯಾಕೆ ಕಿತ್ತಿರಿ?"

ಕಂಬಕ್ಕೆ ಒರಗಿ ನಿಂತಿದ್ದ ಪಂಡಿತರು ದನಿ ಬಂದತ್ತ ಮುಖವೆತ್ತಿದರು. "ಪ್ರಭುಗಳ ಕೆನ್ನೆಗೆ ರಕ್ತ ಬಂದಿದೆಯೇ? ಯಾರಾದರೂ ನೋಡಿ ಹೇಳಿ."